ಬಚ್ಚಲ ಹಿಂದಿನ ಲಾವಂಚ

ಹುಲ್ಲು ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಒಬ್ಬನನ್ನು ಹಗುರ ಮಾಡಬೇಕಾದರೆ ಹುಲ್ಲುಕಡ್ಡಿಗೆ ಸಮವೆನ್ನುತ್ತೇವೆ. ಸಂಸ್ಕೃತ ಬಲ್ಲವರು ತೃಣೀಕರಿಸುತ್ತಾರೆ. ಈ ತಿರಸ್ಕಾರಕ್ಕೆ ಅಪವಾದವಾಗಿ ಎರಡು ಹುಲ್ಲುಗಳಿಗೆ ನಮ್ಮ ಮನೆಯ ದೇವರ ಕೋಣೆಯೊಳಕ್ಕೆ ಪ್ರವೇಶವಿತ್ತು: ಗಣಪತಿಯ ನೆತ್ತಿಗೇರುವ ಗರಿಕೆ, ಪುರೋಹಿತರ ಬೆರಳಿಗೇರುವ ದರ್ಭೆ. ನಾನು ಹೇಳಹೊರಟಿರುವುದು ಮೂರನೆಯದೊಂದು ಹುಲ್ಲಿನ ವಿಷಯ. ಅದಕ್ಕೆ ನಮ್ಮ ಮನೆಯಲ್ಲಿ ದೊರೆತ ಸ್ಥಾನ ಬಚ್ಚಲ ಹಿಂದಿನ ಮೂಲೆ. ಅದರ ಹೆಸರು ಲಾವಂಚ.

ನಮ್ಮ ಹಳೆಯ ಮನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ‘ಇತ್ತು’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ; ಕಳೆದ ವರ್ಷದವರೆಗೆ ‘ಇದೆ’ ಎನ್ನುತ್ತಿದ್ದೆನು. 1892ರಲ್ಲಿ ಕೋಟೆಯಾಚೆ ಈ ಬಡಾವಣೆಯನ್ನು ಗೆರೆಯೆಳೆದು ಕಟ್ಟಿದವರು ಮನೆಗಳ ಹಿಂದೆ ಕಿರಿದಾದ ಗಲ್ಲಿಗಳನ್ನು ಬಿಟ್ಟಿದ್ದರು. ನಮ್ಮ ಹಿತ್ತಿಲು ಆ ಗಲ್ಲಿಯ ಕಡೆಗೆ ಇಳಿಜಾರು. ಬಚ್ಚಲ ನೀರು, ಮಳೆಯ ನೀರು ಎರಡೂ ಸೇರಿ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದ್ದವಂತೆ; ಹಿಂಗೋಡೆಯ ಪಾಯ ಹಲ್ಲು ಕಿರಿಯುತ್ತಿತ್ತಂತೆ. ನಮ್ಮ ತಾಯಿಯ ತವರು ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿ. ಮದುವೆಯಾದ ಮೊದಲ ಮಳೆಗಾಲದಲ್ಲಿ ಮಗಳನ್ನು ನೋಡಲು ಬಂದ ತಾತ ಆ ಪಾಯವನ್ನು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಸಲ ಬಂದಾಗ ರಾಗಿಹಿಟ್ಟು, ಹುರುಳಿಕಾಳುಗಳ ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಹುಲ್ಲಿನ ತೆಂಡೆಗಳನ್ನು ತಂದು ತಾವೇ ನೆಟ್ಟು ಹೋದರು. “ಬೀಗರು ಹುಲ್ಲು ತಂದಿದ್ದಾರೆ” ಎಂದು ನಮ್ಮ ಅಜ್ಜಿ ಓರಗಿತ್ತಿಯರೊಡನೆ ನಕ್ಕರಂತೆ. ಆ ಅಜ್ಜಿಯೇ ಮುಂದೆ ತಮ್ಮ ಕುಡಿಯುವ ನೀರಿನ ಹೂಜಿಗೆ ಆ ಬೇರಿಲ್ಲದೆ ಸಮಾಧಾನಪಡಲಿಲ್ಲವೆಂಬುದನ್ನೂ ಹೇಳಿಬಿಡಬೇಕು.

ನೋಡುವುದಕ್ಕೆ ಲಾವಂಚ ಚೆಲುವಾದ ಹುಲ್ಲು. ಗರಿಕೆಯಂತೆ ನೆಲದ ಮೇಲೆ ಹರಿದಾಡುವ ಚಾಳಿ ಇದಕ್ಕಿಲ್ಲ. ನೆಟ್ಟಲ್ಲಿಯೇ ನಿಂತು, ಒಂದೇ ಬುಡದಲ್ಲಿ ತೆಂಡೆಯ ಮೇಲೆ ತೆಂಡೆ ಒಡೆದು, ಆಳೆತ್ತರಕ್ಕೆ ಪೊದೆ ಕಟ್ಟುತ್ತದೆ. ಗರಿಗಳು ನೆಟ್ಟಗೆ ಎದ್ದು ತುದಿಯಲ್ಲಿ ಮಾತ್ರ ಬಾಗುತ್ತವೆ. ಹೂವಿನ ತೆನೆ ಬಂದಾಗ ಕಂದುಬೆರೆತ ನೇರಳೆಯ ಬಣ್ಣ. ಬೆಳಗಿನ ಬಿಸಿಲು ಅದರ ಹಿಂದಿನಿಂದ ಬಿದ್ದರೆ ಬಚ್ಚಲ ಗೋಡೆಗೂ ಒಂದು ಕಳೆ ಬರುತ್ತಿತ್ತು. ದಕ್ಷಿಣ ದೇಶದಲ್ಲಿ ಬೆಳೆಸಿಕೊಂಡು ಬಂದಿರುವ ತಳಿ ಹೂ ಬಿಟ್ಟರೂ ಹುಟ್ಟುವ ಬೀಜ ಕಟ್ಟುವುದಿಲ್ಲ. ಆದುದರಿಂದ ಅದು ತಾನಾಗಿ ಎಲ್ಲಿಗೂ ಹೋಗದು. ಮನುಷ್ಯನೊಬ್ಬ ಬುಡವನ್ನು ಸೀಳಿ ಕೈಯಲ್ಲಿ ಹಿಡಿದು ಒಯ್ಯಬೇಕು. ಗುಂಡ್ಲುಪೇಟೆಯಿಂದ ಚಾಮರಾಜಪೇಟೆಗೆ ಬಂದದ್ದೂ ಹಾಗೆಯೆ.

ಮೇಲೆ ಕಾಣುವುದು ಇದರ ಅರ್ಧ ಸಂಸಾರ ಮಾತ್ರ. ಉಳಿದದ್ದು ನೆಲದೊಳಗೆ. ಬೇರೆ ಹುಲ್ಲುಗಳ ಬೇರು ಪಕ್ಕಕ್ಕೆ ಹರಡಿದರೆ ಇದರ ಬೇರು ಬಾವಿಗೆ ಬಿಟ್ಟ ಹಗ್ಗದಂತೆ ಕೆಳಕ್ಕೆ ಇಳಿಯುತ್ತದೆ. ಸಡಿಲವಾದ ಒಳ್ಳೆಯ ಮಣ್ಣಿನಲ್ಲಿ ಒಂದು ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಇಳಿದದ್ದುಂಟು. ಗಂಧವಿರುವುದು ಈ ಬೇರಿನಲ್ಲಿ. ಗರಿಯನ್ನು ಎಷ್ಟು ಹೊಸಕಿದರೂ ಬರಿಯ ಹುಲ್ಲಿನ ವಾಸನೆ.

ಹೆಸರಿನ ಮಾತಿಗೆ ಬರುತ್ತೇನೆ. ಕನ್ನಡ ಪಾಠ ಹೇಳುವವನು ಹೆಸರನ್ನು ಬಿಟ್ಟು ಮುಂದೆ ಹೋಗಲಾರ. ನಮ್ಮಲ್ಲಿ ಲಾವಂಚ, ಲಾಮಂಚ ಎಂಬ ಎರಡು ರೂಪಗಳೂ ಇವೆ. ಮುಡಿವಾಳವೆಂಬ ಮತ್ತೊಂದು ಹೆಸರೂ ಉಂಟು. (ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿ ಇದನ್ನು ಮಡಿವಾಳವೆಂದು ಓದಿಕೊಂಡು ಬಟ್ಟೆ ಒಗೆಯುವ ಹುಲ್ಲೆಂದು ಬರೆದಿದ್ದ. ಬಟ್ಟೆಗೆ ಪರಿಮಳ ಕೊಡುತ್ತದೆಯಾದ್ದರಿಂದ ಅರ್ಧ ಅಂಕ ಕೊಟ್ಟೆನು.) ಮಲೆಯಾಳಿಗಳು ರಾಮಚ್ಚವೆನ್ನುತ್ತಾರೆ. ತಮಿಳಿನಲ್ಲಿ ವೆಟ್ಟಿವೇರ್, ಎಂದರೆ ಕಡಿದು ತೆಗೆದ ಬೇರು. ಫ್ರೆಂಚರು ಈ ತಮಿಳು ಮಾತನ್ನೇ ಎತ್ತಿಕೊಂಡು ವೆಟಿವರ್ ಎಂದರು. ಅವರಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜಗತ್ತಿಗೆ ಹೋಯಿತು. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದನ್ನು ನಾವು ಮೊದಲ ವರ್ಷದ ತರಗತಿಯಲ್ಲೇ ಹೇಳಿಕೊಡುತ್ತೇವೆ: ವಾಯ್ ಬಾಯಿಯಾಗುತ್ತದೆ, ವೆಳ್ಳಿ ಬೆಳ್ಳಿಯಾಗುತ್ತದೆ, ವೇರ್ ಬೇರಾಗುತ್ತದೆ. ಪ್ಯಾರಿಸಿನ ಸುಗಂಧದ ಸೀಸೆಯ ಮೇಲೆ ಅಚ್ಚಾಗಿರುವ ಆ ಶಬ್ದದ ಬಾಲ ನಮ್ಮ ‘ಬೇರು’ ಎಂಬ ಮಾತಿನ ಒಡಹುಟ್ಟು. ಸಸ್ಯಶಾಸ್ತ್ರಜ್ಞರು ಮಾತ್ರ ಇದಕ್ಕೆ ಒಂದು ಹೆಸರಿನಲ್ಲಿ ನಿಲ್ಲಲಿಲ್ಲ. ಕಿಟ್ಟೆಲರ ನಿಘಂಟು ಅಚ್ಚಾದ 1894ರ ಸುಮಾರಿಗೆ ಆಂಡ್ರೊಪೋಗನ್ ಮ್ಯೂರಿಕೇಟಸ್ ಎನ್ನುತ್ತಿದ್ದರು. ಆಮೇಲೆ ವೆಟಿವೇರಿಯ ಜಿಜಾನಿಯಾಯ್ಡಿಸ್ ಆಯಿತು. ಈಗ ಕ್ರೈಸೊಪೋಗನ್ ಜಿಜಾನಿಯಾಯ್ಡಿಸ್.

ಸಂಸ್ಕೃತದಲ್ಲಿ ಒಂದು ಸೊಗಸಿದೆ. ಅಮರಕೋಶ ಈ ಹುಲ್ಲಿಗೆ ಬೇರೆ, ಇದರ ಬೇರಿಗೆ ಬೇರೆ ಹೆಸರು ಕೊಡುತ್ತದೆ. ಹುಲ್ಲು ವೀರಣ, ಬೇರು ಉಶೀರ. ಬೇರಿಗೆ ಪರ್ಯಾಯವಾಗಿ ನಲದ, ಸೇವ್ಯ ಮುಂತಾದ ಹೆಸರುಗಳನ್ನು ಪೋಣಿಸುತ್ತ ಜಲಾಶಯವೆಂದೂ ಹೇಳುತ್ತದೆ! ನೀರಿನ ಆಶ್ರಯ. ಕೆರೆಗೆ ಹೇಳುವ ಮಾತನ್ನು ಒಂದು ಹುಲ್ಲಿನ ಬೇರಿಗೆ ಹೇಳಿದವರು ಅದನ್ನು ಎಷ್ಟು ಹತ್ತಿರದಿಂದ ನೋಡಿರಬೇಕು! ಅದೇ ಸಾಲಿನಲ್ಲಿ ಬರುವ ಲಾಮಜ್ಜಕಕ್ಕೂ ನಮ್ಮ ಲಾಮಂಚಕ್ಕೂ ಇರುವ ನಂಟು ಕಿವಿಗೇ ಕೇಳಿಸುತ್ತದೆ. ಆದರೆ ಇಂದಿನ ವೈದ್ಯರು ಲಾಮಜ್ಜಕವನ್ನು ಬೇರೊಂದು ಹುಲ್ಲೆಂದು ಎಣಿಸುವುದರಿಂದ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಬಾರದು. ಚರಕಸಂಹಿತೆಯ ಕಾಲದಿಂದ ಜ್ವರಕ್ಕೆ ಕೊಡುತ್ತ ಬಂದಿರುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಉಶೀರವೂ ಒಂದು.

ಶಾಕುಂತಲದ ಮೂರನೆಯ ಅಂಕದ ಆರಂಭವನ್ನು ನೆನೆಯಿರಿ. ಕಣ್ವಾಶ್ರಮದ ಶಿಷ್ಯನೊಬ್ಬ ದರ್ಭೆ ಹಿಡಿದು ಬರುತ್ತ, ಪ್ರಿಯಂವದೆ ಉಶೀರದ ಲೇಪನವನ್ನೂ ತಾವರೆಯೆಲೆಗಳನ್ನೂ ಒಯ್ಯುವುದನ್ನು ಕಂಡು ಇವು ಯಾರಿಗೆಂದು ಕೇಳುತ್ತಾನೆ. ಶಕುಂತಲೆಗೆ ಬಿಸಿಲಿನ ಬೇಗೆ ತಗುಲಿದೆ ಎಂಬ ಉತ್ತರ. ಬೇಗೆ ಯಾವುದೆಂದು ಪ್ರೇಕ್ಷಕನಿಗೆ ಗೊತ್ತು. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಪಾಠ ಮಾಡುವ ವರ್ಷಗಳಲ್ಲಿ ನಾನು ಈ ಸಂದರ್ಭಕ್ಕೆ ಬಂದಾಗ ಜೇಬಿನಿಂದ ಒಂದು ಎಳೆ ಬೇರು ತೆಗೆದು, ನೀರು ಚಿಮುಕಿಸಿ, ಬೆಂಚಿನಿಂದ ಬೆಂಚಿಗೆ ಕಳುಹಿಸುತ್ತೇನೆ. ವ್ಯಾಖ್ಯಾನಕ್ಕಿಂತ ಅದು ಬೇಗ ತಲುಪುತ್ತದೆ. ಆ ಬೇರು ಯಾವಾಗಲೂ ಬಚ್ಚಲ ಹಿಂದಿನದೇ ಆಗಿರುತ್ತಿತ್ತು.

ಒಣಗಿದ ಲಾವಂಚ ಹೆಚ್ಚು ಮಾತಾಡುವುದಿಲ್ಲ. ನೀರು ತಾಗಿದೊಡನೆ ಬಾಯಿ ಬಿಡುತ್ತದೆ. ಮೊದಲ ಮಳೆಗೆ ನೆನೆದ ನೆಲದ ವಾಸನೆಗೆ ಸ್ವಲ್ಪ ಗಂಧದ ಚಕ್ಕೆಯನ್ನು ತೇಯ್ದು ಸೇರಿಸಿದಂತೆ ಎಂದರೆ ಸುಮಾರಾಗಿ ಹೇಳಿದಂತಾಯಿತು. ನಮ್ಮ ಮನೆಯಲ್ಲಿ ಇದರ ಉಪಯೋಗಕ್ಕೆ ಲೆಕ್ಕವಿರಲಿಲ್ಲ. ಬೇಸಗೆಯಲ್ಲಿ ಹೂಜಿಗೆ ಒಂದು ಕಟ್ಟು. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ಒಂದು ಕಟ್ಟು. ತಲೆಗೆ ಕಾಯಿಸುವ ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಎಳೆ; ಸೀಗೆಪುಡಿಯ ಜೊತೆಗೆ ಕುಟ್ಟುವುದಕ್ಕೆ ಉಳಿದ ಚೂರು. ಗರಿಯನ್ನೂ ಎಸೆಯುತ್ತಿರಲಿಲ್ಲ: ಎಳೆಯದು ಎದುರುಮನೆಯ ಹಸುವಿಗೆ, ಬಲಿತದ್ದು ಗಿಡಗಳ ಬುಡಕ್ಕೆ ಮುಚ್ಚಿಗೆ. ಬೇರಿನಿಂದ ಹೆಣೆದ ಬೀಸಣಿಗೆಯೊಂದನ್ನು ಅಜ್ಜಿ ತಮ್ಮ ಕೊನೆಯ ದಿನಗಳವರೆಗೂ ತಲೆದಿಂಬಿನ ಬಳಿ ಇಟ್ಟುಕೊಂಡಿದ್ದರು. ವಿದ್ಯುತ್ತು ಹೋದ ರಾತ್ರಿ ಅದಕ್ಕೆ ನೀರು ಚಿಮುಕಿಸಿ ಮೊಮ್ಮಕ್ಕಳಿಗೆ ಬೀಸುತ್ತಿದ್ದರು.

ಉತ್ತರ ಹಿಂದೂಸ್ಥಾನದಲ್ಲಿ ಇದನ್ನು ಖಸ್ ಎನ್ನುತ್ತಾರೆ. ಅಲ್ಲಿಯ ದೊಡ್ಡ ಮನೆಗಳಲ್ಲಿ ಬೇಸಗೆ ಬಂತೆಂದರೆ ಬಾಗಿಲು ಕಿಟಕಿಗಳಿಗೆ ಖಸ್ಸಿನ ತಟ್ಟಿ ಕಟ್ಟಿ ನೀರು ಹನಿಸುತ್ತಿದ್ದರು. ಬಿಸಿಗಾಳಿ ಒದ್ದೆ ಬೇರಿನ ನಡುವೆ ನುಸುಳುವಾಗ ನೀರು ಆವಿಯಾಗಲು ಬೇಕಾದ ಶಾಖವನ್ನು ಗಾಳಿಯೇ ತೆರಬೇಕಾಗುತ್ತದೆ; ಒಳಗೆ ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಒಣಹವೆಯಿದ್ದಷ್ಟೂ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಬೆಂಗಳೂರಿಗೆ ತಟ್ಟಿಯ ಅವಶ್ಯಕತೆಯಿಲ್ಲವೆಂದು ನಮ್ಮ ತಂದೆ ಹೆಮ್ಮೆಯಿಂದ ಹೇಳುತ್ತಿದ್ದರು. 2024ರ ಏಪ್ರಿಲಿನಲ್ಲಿ ನಗರದ ಬಿಸಿಲು 38 ಡಿಗ್ರಿ ಸೆಲ್ಸಿಯಸನ್ನು ದಾಟಿದಾಗ ಅವರಿರಲಿಲ್ಲ.

ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಗಳಲ್ಲಿ ಇಂದಿಗೂ ಲಾವಂಚ ದೊರೆಯುತ್ತದೆ. ನನಗೆ ಪರಿಚಯದ ಶೆಟ್ಟರೊಬ್ಬರು, “ಮೇಷ್ಟ್ರೇ, ಮೂಗಿಗೆ ಹಿಡಿದು ಕೊಳ್ಳಬೇಡಿ, ನೀರಿಗೆ ಹಿಡಿದು ಕೊಳ್ಳಿ” ಎಂದು ಕಲಿಸಿದರು. ಎಣ್ಣೆ ತೆಗೆದುಬಿಟ್ಟ ಬೇರೂ ಮಾರಾಟಕ್ಕೆ ಬರುವುದುಂಟಂತೆ. ಒದ್ದೆ ಮಾಡಿದರೆ ಅದು ಬರಿಯ ನಾರು. ಕೆಲವರು ಖಸ್‌ಖಸ್ ಎಂದು ಕೇಳಿ ಗಸಗಸೆ ಕಟ್ಟಿಸಿಕೊಂಡು ಹೋಗುತ್ತಾರೆಂದೂ ಅವರು ಹೇಳಿದರು. ಹಿಂದಿಯಲ್ಲಿ ಎರಡಕ್ಕೂ ಒಂದೇ ಬಗೆಯ ಹೆಸರಾದುದರ ಫಲ. ಪೇಟೆಯ ಸೀಸೆಗಳಲ್ಲಿ ಬರುವ ಕಡುಹಸಿರು ಶರಬತ್ತಿನ ಬಣ್ಣವಂತೂ ಬೇರಿನದಲ್ಲ. ಬೇರು ಹಳದಿಗೂ ಕಂದಿಗೂ ನಡುವಣದು, ಅದರ ಎಣ್ಣೆ ಕಂದು.

ಇಷ್ಟೂ ಮನೆಯೊಳಗಿನ ಮಾತು. ಹೊಲದ ಮಾತು ಇನ್ನೂ ದೊಡ್ಡದು.

ತಾಯಿಯ ತವರಿನಲ್ಲಿ ಲಾವಂಚವನ್ನು ಯಾರೂ ಬೇರಿಗಾಗಿ ಬೆಳೆಯುತ್ತಿರಲಿಲ್ಲ. ಅದು ಹೊಲದ ಎಲ್ಲೆ. ಇಬ್ಬರ ಹೊಲ ಕೂಡುವ ಬದುವಿನ ಮೇಲೆ ಸಾಲಾಗಿ ನೆಟ್ಟಿರುತ್ತಿದ್ದರು. ಎರಡು ಮೂರು ವರ್ಷಕ್ಕೆ ಬುಡಗಳು ಒಂದಕ್ಕೊಂದು ಕೂಡಿಕೊಂಡು ಸಂದಿಲ್ಲದ ಗೋಡೆಯಾಗುತ್ತಿತ್ತು. ಉಳುವಾಗ ನೇಗಿಲನ್ನು ಸಾಲಿಗೆ ಒತ್ತಿ ಹೊಡೆದರೆ ಹೊರಗೆ ಚಾಚಿದ ತೆಂಡೆಗಳು ಕಿತ್ತುಬಂದು ಸಾಲು ತೆಳ್ಳಗೇ ಉಳಿಯುತ್ತಿತ್ತು. ಮಳೆಯ ನೀರು ಇಳಿಜಾರಿನಲ್ಲಿ ಹರಿದು ಬಂದು ಈ ಗೋಡೆಗೆ ತಡೆದು, ಅಗಲವಾಗಿ ಹರಡಿ, ಹೊತ್ತು ತಂದ ಮಣ್ಣನ್ನು ಮೇಲಿನ ಮಗ್ಗುಲಲ್ಲಿ ಇಳಿಸಿ, ತಾನು ಸೋಸಿಕೊಂಡು ಕೆಳಗಿನ ಹೊಲಕ್ಕೆ ಹೋಗುತ್ತಿತ್ತು. ಮಣ್ಣು ಏರಿದಂತೆ ಹುಲ್ಲೂ ಏರುತ್ತದೆ. ಹೀಗೆ ವರ್ಷಕ್ಕಿಷ್ಟು ಮೆಟ್ಟಿಲು ತಾನಾಗಿ ಕಟ್ಟಿಕೊಳ್ಳುತ್ತದೆ.

ಇದನ್ನು ಗುಂಡ್ಲುಪೇಟೆಯ ರೈತರು ಯಾರಿಗೂ ಹೇಳಲು ಹೋಗಿರಲಿಲ್ಲ. ಹೇಳಬೇಕಾದ ಸಂಗತಿಯೆಂದೇ ಅವರಿಗೆ ತೋರಿರಲಾರದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ, ಜಾನ್ ಗ್ರೀನ್‌ಫೀಲ್ಡ್ ಎಂಬ ಇಬ್ಬರು ಕೃಷಿತಜ್ಞರು ಭಾರತದ ಮಳೆಯಾಶ್ರಿತ ಭೂಮಿಯಲ್ಲಿ ಮಣ್ಣು ಉಳಿಸುವ ಕೆಲಸಕ್ಕೆ ತೊಡಗಿದ್ದರು. ಗ್ರೀನ್‌ಫೀಲ್ಡರು ಅದಕ್ಕೆ ಮುಂಚೆ 1950ರ ದಶಕದಲ್ಲಿಯೇ ಫಿಜಿ ದ್ವೀಪದ ಕಬ್ಬಿನ ಇಳಿಜಾರುಗಳಲ್ಲಿ ಲಾವಂಚದ ಬೇಲಿಯನ್ನು ಮಾಡಿಸಿ ನೋಡಿದ್ದರು. ಅಂಥವರಿಗೆ ಮೈಸೂರಿನ ದಕ್ಷಿಣಕ್ಕೆ, ತಲೆತಲಾಂತರದಿಂದ ರೈತರೇ ಕಾಪಾಡಿಕೊಂಡು ಬಂದ ಅದೇ ಬೇಲಿ ಕಾಣಸಿಕ್ಕಿತು! 1987ರಲ್ಲಿ ಅಂಗಿಯ ಜೇಬಿಗೆ ಹಿಡಿಸುವಂಥ ಹಸಿರು ರಟ್ಟಿನ ಕೈಪಿಡಿಯೊಂದು ಹೊರಬಂದಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಈ ಹುಲ್ಲನ್ನು ಕುರಿತೇ ಒಂದು ಪುಸ್ತಕ ಪ್ರಕಟಿಸಿತು. ಅದರಲ್ಲಿ ಗುಂಡ್ಲುಪೇಟೆಯ ಹೊಲಗಳ ಪ್ರಸ್ತಾಪವುಂಟು. ಥಾಯ್‌ಲೆಂಡಿನ ದೊರೆ ಭೂಮಿಬಲರು 1991ರಿಂದ ತಮ್ಮ ದೇಶದಲ್ಲಿ ಇದನ್ನು ನೆಡಿಸತೊಡಗಿದರು. ಅಲ್ಲಿಯ ಚಿಯಾಂಗ್‌ರಾಯ್ ಊರಿನಲ್ಲಿ 1996ರಲ್ಲಿ ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಈಗ ಜಗತ್ತಿನ ಎಷ್ಟೋ ದೇಶಗಳಲ್ಲಿ ರಸ್ತೆಯ ದಿಣ್ಣೆ, ರೈಲು ಕಟ್ಟೆ, ಕಾಲುವೆಯ ದಡಗಳಿಗೆ ಇದನ್ನು ನೆಡುತ್ತಾರೆ.

ಆದರೆ ನಮ್ಮ ತಾತನ ಬದುವಿನ ಕಥೆ ಬೇರೆಯಾಯಿತು. ನಮ್ಮದು ಮೇಲಿನ ಹೊಲ, ಕೆಳಗಿನದು ದಾಯಾದಿಗಳದು. ನಾನು ಹೈಸ್ಕೂಲಿನಲ್ಲಿದ್ದಾಗ, ಸಾಲು ಬಹಳ ಜಾಗ ತಿನ್ನುತ್ತದೆಂದು ಅವರು ಒಂದು ಬೇಸಗೆಯಲ್ಲಿ ಟ್ರ್ಯಾಕ್ಟರು ತರಿಸಿ ಅಷ್ಟನ್ನೂ ಬುಡಸಹಿತ ಎತ್ತಿಸಿಬಿಟ್ಟರು. ಬುಡ ಹೋದ ಲಾವಂಚ ಮತ್ತೆ ಚಿಗುರದು. ಆ ವರ್ಷದ ದೊಡ್ಡ ಮಳೆಗೆ ಎರಡು ಅಡಿ ಎತ್ತರದ ಮೆಟ್ಟಿಲು ಕರಗಿ, ನಮ್ಮ ಹೊಲದ ಮೇಲ್ಮಣ್ಣು ಕೆಳಗಿಳಿದು ಅವರ ಪೈರನ್ನು ಮುಚ್ಚಿತು. ಇಬ್ಬರಿಗೂ ನಷ್ಟ. ಎಲ್ಲೆ ಎಲ್ಲಿತ್ತೆಂಬ ಜಗಳಕ್ಕೆ ಸರ್ವೆಯವರು ಬಂದರು. ತಾತ ವಾದ ಮಾಡಲಿಲ್ಲವಂತೆ. ಗುದ್ದಲಿಯಿಂದ ಮೊಣಕಾಲುದ್ದ ಅಗೆಸಿ, ಒಂದು ಹಿಡಿ ಮಣ್ಣೆತ್ತಿ, ಚೊಂಬಿನ ನೀರು ಚಿಮುಕಿಸಿ, ಬಂದವರ ಮೂಗಿಗೆ ಹಿಡಿದರಂತೆ. ಗಂಧವಿದ್ದ ಕಡೆ ಗೂಟ ಹೊಡೆದರು. ಗೂಟ ಉಳಿಯಿತು, ಎರಡು ಮನೆಗಳ ನಡುವೆ ಮಾತು ಉಳಿಯಲಿಲ್ಲ. ತಾಯಿ ಆಮೇಲೆ ತವರಿಗೆ ಹೋದಾಗಲೆಲ್ಲ ಆ ಹೊಲದ ಕಡೆಗೆ ಹೋಗುವುದನ್ನು ಬಿಟ್ಟುಬಿಟ್ಟಳು.

ಇಲ್ಲಿ ಒಂದು ಮಾತನ್ನು ಬಚ್ಚಿಡಬಾರದು. ಮಣ್ಣು ಹಿಡಿಯುವ ಹುಲ್ಲೇ ಬೆಲೆ ಬಂದಾಗ ಮಣ್ಣು ಕಳೆಯುವುದಕ್ಕೂ ಕಾರಣವಾಗುತ್ತದೆ. ಹೈತಿ, ಜಾವಾ, ರಿಯೂನಿಯನ್ ದ್ವೀಪಗಳ ಲಾವಂಚದ ತೈಲ ಸುಗಂಧ ವ್ಯಾಪಾರದಲ್ಲಿ ಪ್ರಸಿದ್ಧ. ಬೇಗ ಹಾರಿಹೋಗುವ ಇತರ ಪರಿಮಳಗಳನ್ನು ಇದು ಹಿಡಿದು ನಿಲ್ಲಿಸುತ್ತದೆ. ಆ ಗುಣಕ್ಕಾಗಿಯೇ ಇದರ ಬೆಲೆ. ನೂರು ಕಿಲೋ ಒಣ ಬೇರಿಗೆ ಒಂದೆರಡು ಕಿಲೋ ತೈಲ ಬಂದರೆ ಹೆಚ್ಚು. ಅದಕ್ಕಾಗಿ ಇಳಿಜಾರಿನ ನೆಲವನ್ನು ಆಳವಾಗಿ ಬಗೆದರೆ ಮುಂದಿನ ಮಳೆಗೆ ಆ ನೆಲವೇ ಇರುವುದಿಲ್ಲ. ಬೇರಿಗಾಗಿ ಬೆಳೆಯುವವರು ಸಮತಟ್ಟಿನ ಮರಳು ನೆಲದಲ್ಲಿ ಬೆಳೆಯಬೇಕು, ಬದುವಿನದನ್ನು ಮುಟ್ಟಬಾರದು. ನಮ್ಮ ತಾಯಿಗೆ ಇದನ್ನು ಯಾವ ಕೈಪಿಡಿಯೂ ಹೇಳಿರಲಿಲ್ಲ. ಪೊದೆಯ ಗೋಡೆಯ ಕಡೆಯ ಮಗ್ಗುಲನ್ನು ಅವಳು ಒಮ್ಮೆಯೂ ಅಗೆಯಗೊಡಲಿಲ್ಲ. ಹೂಜಿಗೆ ಬೇಕಾದ ಬೇರೆಲ್ಲ ಈಚೆಯ ಮಗ್ಗುಲಿನದೆ.

ಹೀಗಿರಲು, ತಂದೆ ತೀರಿಕೊಂಡ ಮೇಲೆ ಚಿಕ್ಕಪ್ಪಂದಿರೂ ನಾವೂ ಕೂತು ಮಾತಾಡಿ ಮನೆಯನ್ನು ಕಟ್ಟಡದವರೊಬ್ಬರಿಗೆ ಒಪ್ಪಿಸಿದೆವು. ಹಳೆಯದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟುವುದು, ನಮಗೆ ಎರಡು ಮನೆ ಕೊಡುವುದು ಎಂದು ಕರಾರು. ತಾಯಿಗೆ ಎಪ್ಪತ್ತನಾಲ್ಕು ವರ್ಷ. ಕಾಗದಕ್ಕೆ ರುಜು ಹಾಕುವಾಗ ಅವಳು ಮನೆಯ ಮಾತೆತ್ತಲಿಲ್ಲ, ಬಾಗಿಲು ಕಂಬಗಳ ಮಾತೆತ್ತಲಿಲ್ಲ. “ಹುಲ್ಲನ್ನ ಏನು ಮಾಡ್ತಾರೆ ಕೇಳಪ್ಪ” ಎಂದಳು. ನಾನು ಕೇಳಿದೆನು. “ಪಾಯ ಅಲ್ಲಿಂದಲೇ ಎಬ್ಬಿಸ್ಬೇಕು ಸಾರ್, ಜೇಸೀಬೀ ಒಂದ್ ಸಲ ಹಾಕಿದ್ರೆ ಆಗೋಯ್ತು” ಎಂದನು ಮೇಸ್ತ್ರಿ.

ಬಣ್ಣದ ಹಾಳೆಯಲ್ಲಿ ಮುಂದಿನ ಕಟ್ಟಡದ ಚಿತ್ರವನ್ನು ನಮಗೆ ತೋರಿಸಿದ್ದರು. ಮುಂಬಾಗಿಲ ಎರಡೂ ಪಕ್ಕದಲ್ಲಿ ಬಾಗಿದ ಹುಲ್ಲಿನ ಪೊದೆಗಳು! ಇದು ಯಾವ ಹುಲ್ಲೆಂದು ಕೇಳಿದರೆ, ಪಂಪಾಸ್ ಎಂದರು. ಕ್ಷಣಕಾಲ ನನಗೆ ಆದಿಕವಿಯ ನೆನಪಾಗಿ ಸಂತೋಷವಾಯಿತು. ಪಂಪ ಮಹಾಕವಿ ರಸ್ತೆ ನಮ್ಮ ಮನೆಗೆ ದೂರವಿಲ್ಲ, ಸಾಹಿತ್ಯ ಪರಿಷತ್ತೂ ಅಲ್ಲಿಯೇ ಇದೆ. ಯಾರೋ ರಸಿಕರು ಹೆಸರಿಟ್ಟಿರಬಹುದೆಂದುಕೊಂಡೆನು. ಆಮೇಲೆ ತಿಳಿಯಿತು, ಅದು ದಕ್ಷಿಣ ಅಮೆರಿಕದ ಪಂಪಾಸ್ ಬಯಲಿನ ಹುಲ್ಲು. ಅದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹಿಂದಿನ ಹುಲ್ಲನ್ನು ಯಂತ್ರದಿಂದ ಕಿತ್ತು ಮುಂದೆ ಹುಲ್ಲನ್ನು ಹಣ ಕೊಟ್ಟು ನೆಡುವುದರ ಲೆಕ್ಕ ನನಗೆ ಬಗೆಹರಿಯಲಿಲ್ಲ. ಕೇಳಿದ್ದಕ್ಕೆ, “ಅದು ಶೋ ಸಾರ್” ಎಂಬ ಉತ್ತರ ಬಂದಿತು.

ಜೂನ್ ತಿಂಗಳ ಒಂದು ಭಾನುವಾರ ನಾನೂ ನನ್ನ ಇಬ್ಬರು ವಿದ್ಯಾರ್ಥಿಗಳೂ ಹಾರೆ ಗುದ್ದಲಿ ಹಿಡಿದು ಹೋದೆವು. ತಾಯಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ಮೊದಲ ಸಲ ಗೋಡೆಯ ಕಡೆಯ ಮಗ್ಗುಲಿಗೆ ಹಾರೆ ಬಿದ್ದಾಗ ಅವಳು ಮುಖ ತಿರುಗಿಸಿದ್ದನ್ನು ನಾನು ನೋಡಿದೆನು. ಸುಮಾರು ಐವತ್ತು ವರ್ಷದ ಬುಡ ಸುಲಭವಾಗಿ ಏಳಲಿಲ್ಲ; ಬೆಳಗಿನಿಂದ ಮಧ್ಯಾಹ್ನವಾಯಿತು. ಗರಿಯನ್ನು ಒಂದು ಗೇಣಿಗೆ ಕತ್ತರಿಸಿ, ಬೇರನ್ನು ನಾಲ್ಕೈದು ಬೆರಳಿನಷ್ಟು ಉಳಿಸಿ, ಎರಡು ಮೂರು ತೆಂಡೆಗಳಂತೆ ಸೀಳಿದೆವು. ಒಣಗಿ ಟೊಳ್ಳಾದದ್ದನ್ನು ಬಿಟ್ಟು ಎಪ್ಪತ್ತೆರಡು ಆದವು. ನಾಲ್ಕನ್ನು ಬಸವನಗುಡಿಯ ಈಗಿನ ಬಾಡಿಗೆ ಮನೆಯ ಕುಂಡಕ್ಕೆಂದೂ, ಹತ್ತನ್ನು ಕಾಲೇಜಿನ ಆಟದ ಬಯಲಿನ ಇಳಿಜಾರಿಗೆಂದೂ ತೆಗೆದಿಟ್ಟೆನು. ಉಳಿದವನ್ನು ಒದ್ದೆ ಗೋಣಿಯಲ್ಲಿ ಸುತ್ತಿಸಿ ತಾಯಿ ಹೇಳಿದಳು: “ನಾಳೆ ಬಸ್ಸಿಗೆ ಹೋಗೋಣ. ಬದುವಿಗೆ ಹಾಕ್ಬೇಕು.”

ಮೈಸೂರು ರಸ್ತೆಯ ಬಸ್ ನಿಲ್ದಾಣದಿಂದ ಹೊರಟೆವು. ಗೋಣಿಚೀಲ ಅವಳ ಕಾಲ ಬಳಿಯೇ ಇತ್ತು. ಕಂಡಕ್ಟರು ಅದಕ್ಕೂ ಟಿಕೆಟು ಕೊಟ್ಟನು. ಸೋದರಮಾವ ಊರಿನ ಬಾಗಿಲಲ್ಲಿ ಕಾದಿದ್ದರು. ಮಧ್ಯಾಹ್ನ ಸಣ್ಣ ಮಳೆ ಬಿದ್ದಿತ್ತು. ಹಳೆಯ ಗೂಟದಿಂದ ಹಗ್ಗ ಹಿಡಿದು ಚೋಟುದ್ದಕ್ಕೆ ಒಂದರಂತೆ ನೆಟ್ಟೆವು. ಎಪ್ಪತ್ತೆರಡರಲ್ಲಿ ಉಳಿದ ಐವತ್ತೆಂಟು ಬುಡ ನಾಲ್ಕೈದು ಮಾರಿಗೆ ಮುಗಿದುಹೋಯಿತು. ಬದು ಇರುವುದು ನಲವತ್ತು ಮಾರು. “ಇವೇ ಒಡೆದರೆ ಮುಂದಿನ ವರ್ಷ ಮುಂದಕ್ಕೆ ಹೋಗ್ತದೆ” ಎಂದರು ಮಾವ.

ಕೆಳಗಿನ ಹೊಲದಲ್ಲಿ ದಾಯಾದಿಗಳ ಮಗ ನಿಂತು ನೋಡುತ್ತಿದ್ದನು. ನಮ್ಮ ಕಡೆಯವರಾರೂ ಅವನನ್ನು ಮಾತಾಡಿಸಲಿಲ್ಲ. ಬಹಳ ಹೊತ್ತಾದ ಮೇಲೆ ಅವನೇ ನಮ್ಮ ತಾಯಿಯ ಕಡೆಗೆ ತಿರುಗಿ, “ಅತ್ತೆ, ಎಷ್ಟು ಅಗಲ ಹಿಡೀತದೆ ಇದು?” ಎಂದು ಕೇಳಿದನು.

“ನೇಗಿಲು ಒತ್ತಿ ಹೊಡೀರಪ್ಪ, ಒಂದು ಮೊಳದಲ್ಲಿ ನಿಲ್ತದೆ” ಎಂದಳು ತಾಯಿ.

ಅವನು ತಲೆಯಾಡಿಸಿ ಎತ್ತು ಹೊಡೆದುಕೊಂಡು ಹೋದನು. ಕಳೆದ ವಾರ ಮಾವನ ಫೋನು ಬಂದಿತ್ತು. ಐವತ್ತೆಂಟರಲ್ಲಿ ನಲವತ್ತೊಂದು ಚಿಗುರಿವೆಯಂತೆ. ಕೆಳಗಿನ ಹೊಲದವರು ಸಾಲಿಗೆ ಒಂದು ಮೊಳ ಬಿಟ್ಟು ಉತ್ತಿದ್ದಾರಂತೆ.